ಆರನೆಯ ಪರಾತ

ಮಧ್ಯಾಹ್ನದ ಊಟದ ಗಂಗಾಳ ತೊಳೆದಿಟ್ಟು, ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಆ ವರ್ಷದ ಜೋಳದಲ್ಲಿ ಹರಳೇ ಹರಳು. ಕಾಳೂ ಸೊರಗಿದ್ದವು, ಬೀಸಿದರೆ ಹಿಟ್ಟಿಗೆ ಜಿಗಿ ಇರುತ್ತಿರಲಿಲ್ಲ, ಬಡಿದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಅಂಚು ಹರಿಯುತ್ತಿತ್ತು. ಸಂಜೆಯೊಳಗೆ ಗಿರಣಿಗೆ ಕೊಡಬೇಕಿತ್ತು. ಅಷ್ಟರಲ್ಲಿ ಹಲಬರ್ಗಾದ ಮುದುಕಿ ಬಂದು ಬಾಗಿಲಲ್ಲಿ ನಿಂತಳು. ನಮ್ಮಲ್ಲಿ ರೊಟ್ಟಿ ಬಡಿಯುವವರಲ್ಲಿ ಆಕೆಯೇ ಹಿರಿಯಳು. ಆ ಹೊತ್ತಿನಲ್ಲಿ ಎಂದೂ ಬಂದವಳಲ್ಲ.

"ಅಕ್ಕೋರೆ, ಔರಾದದಾಕಿ ನಾಳಿ ಹೊಂಟಾಳರಿ," ಅಂದಳು. "ಕಬ್ಬಿನ ಮುಕ್ಕಾದಮ್ ಗಂಡ-ಹೆಂಡತಿ ಜೋಡಿ ಹೆಸರು ಬರ್ಕೊಂಡಾನ. ಮುಂಜಾನಿ ಹತ್ತಕ್ಕ ಔರಾದದಿಂದ ಗಾಡಿ."

ಆರಿಸಿ ಬೆರಳಲ್ಲಿ ಹಿಡಿದಿದ್ದ ಹರಳು ಮತ್ತೆ ಜೋಳದೊಳಗೇ ಬಿತ್ತು.

ನಮ್ಮ ಕಡೆ ಬರದ ವರ್ಷ ಯಾರಾದರೂ ಊರು ಬಿಟ್ಟರು ಅಂದರೆ ಅದೊಂದು ಸುದ್ದಿಯೇ ಅಲ್ಲ. ಮಳೆ ಮೂರನೆಯ ವರ್ಷವೂ ಕೈಕೊಟ್ಟಿತ್ತು. ದೀಪಾವಳಿ ಆದ ಮೇಲೆ ನಮ್ಮ ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತ ಮಂದಿಯನ್ನು ದಾಟಿಯೇ ಬಸ್ಸು ಹತ್ತಬೇಕಿತ್ತು. ಕೆಲವರು ಹೈದರಾಬಾದಿಗೆ ಗಾರೆ ಕೆಲಸಕ್ಕೆ, ಹೆಚ್ಚಿನವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು. ಆದರೆ ಔರಾದದಾಕಿ ಹೋಗಬಾರದಿತ್ತು. ಆಕೆ ಹೋಗದಂತೆ ತಡೆದು ನಿಲ್ಲಿಸಿದ್ದು ನಮ್ಮ ಹಿತ್ತಲಿನ ಒಂದು ಒಲೆ. ಅದರ ಮುಂದಿನಿಂದ ಆಕೆಯನ್ನು ಎಬ್ಬಿಸಿ ಕಳಿಸಿದವಳು ನಾನು.

ನಾನು ವ್ಯಾಪಾರ ಮಾಡುವವಳಲ್ಲ. ಮನೆ ನೋಡಿಕೊಂಡು, ಲಿಂಗಪೂಜೆ ಮಾಡಿಕೊಂಡು ಇದ್ದವಳು. ನಮ್ಮವರು ಕಾಳಿನ ಅಡತಿ ಅಂಗಡಿಯಲ್ಲಿ ಗುಮಾಸ್ತರು. ತೊಗರಿ, ಉದ್ದು ಬರುವುದು ನಿಂತಾಗ ಮಾಲಕರು, ವಾರದಲ್ಲಿ ಮೂರು ದಿನ ಬಂದರೆ ಸಾಕು ಅಂದರು. ಅದೇ ಹೊತ್ತಿಗೆ ಬೀದರಿನ ಒಂದು ಹಾಸ್ಟೆಲ್ಲಿಗೆ ದಿನಾ ಆರು ನೂರು ಜೋಳದ ರೊಟ್ಟಿ ಬೇಕು ಅನ್ನುವ ಮಾತು ಯಾರದೋ ಬಾಯಿಂದ ಬಂತು. ಮೇವಿಲ್ಲದೆ ಎಮ್ಮೆ ಮಾರಿದ್ದೆವು. ಅದನ್ನು ಕಟ್ಟುತ್ತಿದ್ದ ತಗಡಿನ ಚಪ್ಪರ ಖಾಲಿ ಬಿದ್ದಿತ್ತು. ಅಲ್ಲಿ ಆರು ಒಲೆ ಹೂಡಿದೆ. ಕೆಳಗಿನ ಓಣಿಯ ಆರು ಹೆಣ್ಣುಮಕ್ಕಳು, ಒಬ್ಬೊಬ್ಬರಿಗೆ ನೂರು ರೊಟ್ಟಿ. ನಸುಕಿನ ಐದಕ್ಕೆ ಶುರು ಮಾಡಿದರೆ ಎಂಟೂವರೆಗೆ ಬುಟ್ಟಿ ಕಟ್ಟಿ ಬೀದರ ಬಸ್ಸಿನ ಮೇಲೆ ಏರಿಸಬೇಕು. ಕೈ ಸುಟ್ಟುಕೊಳ್ಳುತ್ತಾ, ಬೈಸಿಕೊಳ್ಳುತ್ತಾ ನಡೆದಿತ್ತು.

ನಮ್ಮಲ್ಲಿ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ತವರು ಯಾವ ಊರೋ ಅದೇ ಹೆಸರು. ಹಲಬರ್ಗಾದ ಮುದುಕಿ, ಕಮಲನಗರದಾಕಿ, ಔರಾದದಾಕಿ, ಹೀಗೆ. ನಾನೂ ಅತ್ತೆಯ ಬಾಯಲ್ಲಿ ಇವತ್ತಿಗೂ 'ಬೀದರದಾಕಿ'ಯೇ.

ಹಾಜರಿ ಪುಸ್ತಕ ಇಡಲಿಲ್ಲ. ಚಪ್ಪರದ ಗೋಡೆಗೆ ಸಾಲಾಗಿ ಆರು ಮೊಳೆ ಹೊಡೆಸಿದೆ. ಹಿಟ್ಟು ನಾದುವ ಪರಾತದ ಅಂಚಿಗೆ ತೂತು ಹಾಕಿಸಿ, ತಂತಿ ಕಟ್ಟಿಸಿ, ಒಬ್ಬೊಬ್ಬಳದು ಒಂದೊಂದು ಮೊಳೆಗೆ ತೂಗುಹಾಕಿದೆ. ಬಂದಾಕೆ ತನ್ನ ಪರಾತ ಇಳಿಸಿಕೊಂಡು ಒಲೆ ಮುಂದೆ ಕೂಡಬೇಕು. ಮೊಳೆಯ ಮೇಲೆ ಉಳಿದದ್ದು ಗೈರುಹಾಜರಿ. ಓದು ಬರಹ ಬೇಕಿಲ್ಲ, ಸಹಿ ಬೇಕಿಲ್ಲ, ಸುಳ್ಳಿಗೆ ಜಾಗ ಇಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ನನ್ನ ಬೆಳಗು ಹೀಗೆ: ನಾಲ್ಕಕ್ಕೆ ಎದ್ದು ಜಳಕ, ಆಮೇಲೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ, ಹೊಸ್ತಿಲು ತೊಳೆದು ವಿಭೂತಿ. ಐದಕ್ಕೆ ಬಂದವರಿಗೆ ಹಿಟ್ಟು ಅಳೆದು ಕೊಟ್ಟು, ಐದೂವರೆಯಿಂದ ಒಂದು ತಾಸು ಪೂಜೆ. ಆ ಒಂದು ತಾಸು ಮನೆಗೆ ಬೆಂಕಿ ಬಿದ್ದರೂ ಯಾರೂ ನನ್ನನ್ನು ಮಾತಾಡಿಸುವಂತಿಲ್ಲ. ಪೂಜೆ ಮುಗಿದ ಮೇಲೆ, ಹಿಂದಿನ ದಿನ ಶಿವ ಕೊಟ್ಟದ್ದನ್ನು ಬೆರಳ ಮೇಲೆ ಎಣಿಸುವ ರೂಢಿ ಇತ್ತು. ಹಿಟ್ಟು ಚಲೋ ಬಂತು, ಒಂದು. ಅತ್ತೆಯ ಕೆಮ್ಮು ಕಡಿಮೆಯಾಯಿತು, ಎರಡು. ಮೂರನೆಯ ಬೆರಳು ಯಾವಾಗಲೂ ನಮ್ಮ ಬೋರಿಗೆ ಮೀಸಲು. ಊರಿನ ಬೋರುಗಳೆಲ್ಲ ಬತ್ತಿ ಧೂಳು ಉಗುಳುವಾಗ ನಮ್ಮದರಲ್ಲಿ ಕಿರುಬೆರಳ ಗಾತ್ರದ ಧಾರೆ ಬರುತ್ತಿತ್ತು. ನಮ್ಮ ಹಿರಿಯರು ಮಾಡಿದ ದಾಸೋಹದ ಪುಣ್ಯ ಅಂದುಕೊಂಡಿದ್ದೆ.

ಔರಾದದಾಕಿ ಮೊದಲ ದಿನ ಬಂದಾಗಲೇ ತನ್ನ ಎಡಗೈ ಹೆಬ್ಬೆರಳು ಮುಂದೆ ಚಾಚಿದಳು. ಅದು ಮಡಚುತ್ತಿರಲಿಲ್ಲ.

"ಇದು ನೋಡ್ಕೋರಿ ಅಕ್ಕೋರೆ, ಆಮ್ಯಾಲ ಮೋಸ ಮಾಡಿದಳು ಅನಬ್ಯಾಡ್ರಿ. ಕಬ್ಬಿನ ಕತ್ತಿ ಬಡದು ನರ ಹೋಗ್ಯಾದ. ರೊಟ್ಟಿ ಬಡೀತೇನಿ, ನೂರಕ್ಕ ನೂರು. ಆದ್ರ ಒಂದು ಕಡಿ ಅಂಚು ದಪ್ಪ ಉಳೀತದ."

"ಅಷ್ಟು ದಪ್ಪ ನಡೀತದವ್ವ," ಅಂದೆ.

"ಹಂಗಿದ್ರ ನನ್ನ ಇಟ್ಕೋರಿ. ನಿಮ್ಮ ಕಾಲು ಬೀಳ್ತೇನಿ. ಇಲ್ಲಿ ನನಗೊಂದು ಜಾಗಾ ಅದ ಅಂದ್ರ, ನನ್ನ ಗಂಡ ನನ್ನ ಕಬ್ಬಿಗಿ ಎಳಕೊಂಡು ಹೋಗಲಾಕ ಬರಂಗಿಲ್ಲ."

ಕಬ್ಬಿನ ಲೆಕ್ಕದಲ್ಲಿ ಗಂಡಹೆಂಡತಿ ಇಬ್ಬರೂ ಕೂಡಿ ಒಂದು ಕೊಯ್ತಾ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಕಡಿಯಬೇಕು, ಹೆಂಡತಿ ಸೋಗೆ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸಬೇಕು. ಕೂಲಿಯವರ ಟೋಳಿ ಕಟ್ಟುವ ಮೇಸ್ತ್ರಿ ಮುಕ್ಕಾದಮ್ ಒಂಟಿ ಗಂಡಸನ್ನು ಒಲ್ಲೆ ಅನ್ನುತ್ತಾನೆ. ಹೆಂಡತಿಗೆ ಊರಲ್ಲಿ ಬಿಡಲಾಗದ ಕೆಲಸವಿದ್ದರೆ ಗಂಡನಿಗೂ ಕಬ್ಬಿನ ದಾರಿ ಮುಚ್ಚಿದಂತೆ. ಈಕೆ ಎರಡು ವರ್ಷದ ಹಿಂದೆ ಬಸುರಿಯಿದ್ದಾಗ ಹೋಗಿದ್ದಳು. ಹೊರೆ ಹೊತ್ತು ಏಣಿ ಹತ್ತುವಾಗ ಬಿದ್ದಳು. ಐದು ತಿಂಗಳದ್ದು ಹೋಯಿತು. ಮೂರನೆಯ ದಿನ ಮತ್ತೆ ಹೊರೆ ಹೊತ್ತಳು. ಇದನ್ನು ಆಕೆ ಹೇಳಿದ್ದು ಅಳುತ್ತಾ ಅಲ್ಲ, ನನ್ನ ಪರಾತಗಳನ್ನು ಬೆರಳಲ್ಲಿ ಬಾರಿಸಿ ಯಾವುದರ ತಳ ಗಟ್ಟಿ ಅಂತ ನೋಡುತ್ತಾ.

"ಇದು ಚಲೋ ಅದ. ಇದು ನನ್ನದು," ಅಂದು ಆರನೆಯ ಮೊಳೆಗೆ ಹಾಕಿದಳು.

ಆಕೆಯ ಬಾಯಿ ಮಾತ್ರ ನನಗೆ ಆಗಿಬರಲಿಲ್ಲ. ಚಪ್ಪರದಲ್ಲಿ ಆಕೆ ಮಾತಾಡಿದರೆ ದೇವರ ಮನೆಯಲ್ಲಿ ಮಂತ್ರ ತಪ್ಪುತ್ತಿತ್ತು. ಒಂದು ದಿನ ಎಣಿಕೆಯಲ್ಲಿ ಒಂದು ರೊಟ್ಟಿ ಕಡಿಮೆ ಬಂತು. ಎಲ್ಲಿ ಹೋಯಿತು ಅಂತ ಕೇಳಿದೆ.

"ಅಕ್ಕೋರ ಪೂಜಿ ಮುಗಿಯೂದ್ರಾಗ ಶಿವನ ಹೊಟ್ಟಿ ಹಸೀತರಿ," ಅಂದಳು. "ಇತ್ಲಾಗ ಬಂದು ಒಂದು ರೊಟ್ಟಿ, ಒಂದು ಹಸಿಮೆಣಸಿನಕಾಯಿ ತಿಂದು ಹೋದ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ದೇವರ ವಿಷಯದಲ್ಲಿ ಹುಡುಗಾಟ ಯಾಕೆ ಅಂತ ಗದರಿಸಿದೆ. ಈಗ ನೆನೆದರೆ ಅದು ಕೆಟ್ಟ ಮಾತೇನೂ ಅಲ್ಲ.

ಚಳಿಗಾಲ ಇನ್ನೂ ಗಟ್ಟಿಯಾಗಿರಲಿಲ್ಲ. ಒಂದು ದಿನ ಪೂಜೆ ಮುಗಿಸಿ ಬಂದು ರೊಟ್ಟಿಯ ಒಟ್ಟಿಲುಗಳನ್ನು ನೋಡುತ್ತಿದ್ದೆ. ಆರು ಒಲೆಯ ಪಕ್ಕ ಆರು ಒಟ್ಟಿಲು. ಔರಾದದಾಕಿಯ ಒಲೆ ಉರಿಯುತ್ತಿತ್ತು, ಪರಾತ ಇಳಿಸಿತ್ತು, ಅದರಲ್ಲಿ ಹಿಟ್ಟಿನ ಧೂಳೂ ಇತ್ತು. ಆಕೆ ಮಾತ್ರ ಇರಲಿಲ್ಲ. "ಹೊರಗ ಹೋಗ್ಯಾಳರಿ, ಈಗ ಬರ್ತಾಳ," ಅಂದಳು ಕಮಲನಗರದಾಕಿ. ಔರಾದದಾಕಿಯ ಒಟ್ಟಿಲಿನಿಂದ ಒಂದು ರೊಟ್ಟಿ ಎತ್ತಿದೆ. ಸುತ್ತ ಬೆರಳಾಡಿಸಿದೆ. ಎಲ್ಲೂ ದಪ್ಪ ಇಲ್ಲ. ಇನ್ನೊಂದು ಎತ್ತಿದೆ. ಅದೂ ಕಾಗದದ ಹಾಗೆ ಒಂದೇ ಸಮ. ಆ ಒಟ್ಟಿಲಿನಲ್ಲಿ ಔರಾದದಾಕಿಯ ಕೈಯ ರೊಟ್ಟಿ ಒಂದೂ ಇರಲಿಲ್ಲ. ಉಳಿದ ಐವರು ಇಪ್ಪತ್ತಿಪ್ಪತ್ತು ಹೆಚ್ಚಿಗೆ ಬಡಿದು ಆಕೆಯ ನೂರು ತುಂಬಿಸುತ್ತಿದ್ದರು.

ಏಳೂವರೆಗೆ ಆಕೆ ಬಂದಳು. ಸೀರೆಯ ನೆರಿಗೆ ಮೊಣಕಾಲವರೆಗೆ ತೊಯ್ದಿತ್ತು.

"ಯಾವಾಗ ಬಂದೀ?" ಅಂದೆ.

"ನಸುಕಿನ್ಯಾಗೇ ಬಂದೇನ್ರಿ. ಸ್ವಲ್ಪ ಹೊರಗ ಹೋಗಿದ್ದೆ."

"ಸೀರಿ ಯಾಕ ತೊಯ್ದದ?"

"ಬೆವರು, ಅಕ್ಕೋರೆ. ಒಲಿ ಮುಂದ ಕೂತ್ರ ಬೆವರಂಗಿಲ್ಲೇನು?"

ಯಾರೋ ಕಿಸಕ್ಕೆಂದು, ತಕ್ಷಣ ಬಾಯಿ ಮುಚ್ಚಿಕೊಂಡರು. ನಾನು ರೊಟ್ಟಿಯನ್ನು ಆಕೆಯ ಮುಖದ ಮುಂದೆ ಹಿಡಿದೆ. "ಇದು ನಿನ್ನ ಕೈದಾ? ಪರಾತ ಇಳಿಸಿಟ್ಟು ನನ್ನ ಕಣ್ಣಿಗಿ ಮಣ್ಣು ಹಾಕ್ತೀ?"

ಹಲಬರ್ಗಾದ ಮುದುಕಿ ಒಲೆಯ ಮುಂದಿನಿಂದಲೇ ಅಂದಳು: "ನೂರು ಆಗ್ಯಾವಲ್ಲರಿ ಅಕ್ಕೋರೆ. ಯಾರ ಕೈಲೆ ಆದ್ರ ಏನು?"

ಆ ಮಾತೇ ನನ್ನನ್ನು ಕೆರಳಿಸಿತು. ಎಷ್ಟು ದಿನದಿಂದ ನಡೆದಿದೆ ಇದು? ನಾನು ಶಿವನ ಮುಂದೆ ಕಣ್ಣು ಮುಚ್ಚಿ ಕೂತ ಹೊತ್ತಿನಲ್ಲೇ ಹಿತ್ತಲಲ್ಲಿ ಸುಳ್ಳು ಬೇಯುತ್ತಿದೆಯಲ್ಲ ಅನಿಸಿತು. ಆಕೆಯ ಪರಾತ ತಿರುವಿ, ಹಿಟ್ಟು ಝಾಡಿಸಿ, ಮೊಳೆಗೆ ಹಾಕಿದೆ.

"ನಾಳಿಯಿಂದ ಬರಬ್ಯಾಡ."

"ಅಕ್ಕೋರೆ, ಇಲ್ಲಿಂದ ಎಬ್ಬಿಸಿದ್ರ ನಾ ಎಲ್ಲಿ ಹೋಗ್ತೇನಿ ನಿಮಗ ಗೊತ್ತದ."

ನನಗೆ ಗೊತ್ತಿತ್ತು. ಗೊತ್ತಿದ್ದೂ, "ಶಿವ ನೋಡ್ಕೋತಾನ," ಅಂದೆ. ಜೀವಮಾನದಲ್ಲಿ ನೂರು ಸಲ ಆಡಿದ ಮಾತು. ಆ ದಿನ ಅದನ್ನು ಬಾಗಿಲು ಹಾಕಲು ಬಳಸಿದೆ. ಒಂದು ನಿಜ ಹೇಳಿಬಿಡಬೇಕು: ಇನ್ನು ಮೇಲೆ ಪೂಜೆ ಹೊತ್ತಿನಲ್ಲಿ ಚಪ್ಪರ ಸಪ್ಪಳವಿಲ್ಲದೆ ಇರುತ್ತದೆ ಅನ್ನುವ ಸಮಾಧಾನವೂ ಆ ಹೊತ್ತಿನಲ್ಲಿ ನನಗೆ ಆಗಿತ್ತು.

ಆಮೇಲೆ ಶುರುವಾಯಿತು ನೋಡಿ. ಒಂದು ದಿನ ಐವರೂ ಬಂದರೆ, ಇನ್ನೊಂದು ದಿನ ಇಬ್ಬರು. ಮಧ್ಯೆ ಒಂದು ದಿನ ಐದೂ ಪರಾತ ಗೋಡೆಯ ಮೇಲೆ. ನಾನು, ನಮ್ಮ ಅತ್ತೆ, ಮೊಣಕಾಲು ನೋವಿನ ನೆರೆಮನೆಯಾಕೆ ಮೂವರು ಕೂತು ಬಡಿದರೂ ಇನ್ನೂರು ದಾಟಲಿಲ್ಲ. ಕೇಳಿದರೆ ಮೈ ಬಿಸಿಯಿತ್ತು, ಕೂಸಿಗೆ ಭೇದಿ, ಮನೆಗೆ ಬೀಗರು ಬಂದಿದ್ದರು. ಕಮಲನಗರದಾಕಿಯ ಸೋದರಮಾವ ಹದಿನೈದು ದಿನದಲ್ಲಿ ಎರಡು ಸಲ ತೀರಿಕೊಂಡ.

"ನಿನಗ ಎಷ್ಟು ಮಂದಿ ಸೋದರಮಾವಂದಿರು ಅದಾರವ್ವ?" ಅಂದೆ.

ಆಕೆ ತಲೆ ತಗ್ಗಿಸಿ, "ಇನ್ನೊಬ್ಬಾವ ಅದಾನ್ರಿ," ಅಂದಳು.

ಬೇಡಿಕೊಂಡೆ, ಬೈದೆ, ತಪ್ಪಿಸದೆ ಬಂದವರಿಗೆ ಹಬ್ಬಕ್ಕೆ ಸೀರೆ ಕೊಡುತ್ತೇನೆ ಅಂದೆ. ಬೇರೆ ಓಣಿಯವರನ್ನು ಕರೆಯಲು ಹೋದರೆ ಅಲ್ಲಿ ಬಾಗಿಲಿಗೆ ಬೀಗ. ಅರ್ಧ ಓಣಿ ಕಬ್ಬಿಗೆ ಹೋಗಿತ್ತು. ರಾತ್ರಿ ಮಲಗಿದರೆ ಆರು ಮೊಳೆಯೇ ಕಣ್ಣಿಗೆ ಕಟ್ಟುತ್ತಿದ್ದವು. ಪೂಜೆಯಲ್ಲಿ ಬೆರಳು ಎಣಿಸುವುದೂ ಬಂದವರ ಲೆಕ್ಕವೇ ಆಯಿತು: ಇವತ್ತು ಮೂರು, ಇವತ್ತು ಒಂದು. ಐವರೂ ಮಾತಾಡಿಕೊಂಡು ಸೇಡು ತೀರಿಸುತ್ತಿದ್ದಾರೆ ಅಂತಲೇ ನನಗೆ ಅನುಮಾನ.

ಹಾಸ್ಟೆಲ್ಲಿನಿಂದ ಫೋನು ಬಂತು. ನಾನೇ ಬೀದರಿಗೆ ಹೋದೆ. ನಮ್ಮ ತವರೂರು ಅದು. ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿ ತಲೆ ಎತ್ತಿ ನಡೆದವಳು, ಆ ದಿನ ಸೆರಗು ಹೊದ್ದು ಹಾಸ್ಟೆಲ್ಲಿನ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತೆ. ಅಲ್ಲಿನ ಮೇಲ್ವಿಚಾರಕರು ಒಳ್ಳೆಯವರೇ. ಬೈಯಲಿಲ್ಲ. "ತಾಯಿ, ನಿನ್ನಿ ಹುಡುಗೂರು ಬರೇ ಅನ್ನ ಉಂಡು ಎದ್ದರು," ಅಂದರು. "ಇನ್ನೊಂದ್ಸಲ ಹಿಂಗಾದ್ರ ನಾ ಇಲ್ಲೇ ಬ್ಯಾರೇದವರಿಗಿ ಹೇಳಬೇಕಾಗ್ತದ." ಗಾಜಿನ ಲೋಟದಲ್ಲಿ ನೀರು ಕೊಟ್ಟರು. ಅರ್ಧ ಲೋಟ. ಊರಿಗೆಲ್ಲ ಬರ.

ಇಷ್ಟೆಲ್ಲ ಆದ ಮೇಲೆ, ಆ ಮಧ್ಯಾಹ್ನ, ಜೋಳದ ಮೊರದ ಮುಂದೆ ಬಂದು ನಿಂತಿದ್ದಳು ಹಲಬರ್ಗಾದ ಮುದುಕಿ.

"ಆಕಿ ಕಬ್ಬಿಗಿ ಹೋಗಂಗಿಲ್ಲ ಅಂತಿದ್ದಳಲ್ಲ?" ಅಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿತು.

"ಮತ್ತೇನು ಮಾಡ್ತಾಳರಿ? ಗಂಡ ಕೇಳ್ದ, 'ಈಗ ನಿನಗೇನು ಕೆಲಸ ಅದ ಇಲ್ಲಿ?' ಅಂತ. ಆಕಿ ಬಲ್ಲಿ ಜವಾಬು ಇದ್ದಿದ್ದಿಲ್ಲ." ಮುದುಕಿ ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕೂತಳು. "ಈಗಾದ್ರೂ ಹೇಳ್ತೇನಿ ಅಕ್ಕೋರೆ, ಕೇಳ್ಕೋರಿ. ಆಕಿ ಮುಂಜಾನಿ ಎಲ್ಲಿರ್ತಿದ್ದಳು ಅಂತ ನೀವು ಒಮ್ಮಿನೂ ಕೇಳಲಿಲ್ಲ."

"ಕೇಳ್ದೆನಲ್ಲ!"

"ಸೀರಿ ಯಾಕ ತೊಯ್ದದ ಅಂತ ಕೇಳಿದ್ರಿ. ಟ್ಯಾಂಕರಿಗಿ ನಿಂತ್ರ ಸೀರಿ ತೊಯ್ತದರಿ."

ಕೆಳಗಿನ ಓಣಿಗೆ ನೀರಿನ ಟ್ಯಾಂಕರು ಎರಡು ದಿನಕ್ಕೊಮ್ಮೆ, ಕೆಲವು ಸಲ ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಹೊತ್ತು ಗೊತ್ತಿಲ್ಲ, ನಸುಕಿನ ನಾಲ್ಕರಿಂದ ಏಳರೊಳಗೆ ಯಾವಾಗಲಾದರೂ. ಕೊಡ ಪಾಳಿಗೆ ಇಟ್ಟು ಬಂದರೆ ಆಗದು. ಹಿಂದಿನವರು ಕಾಲಲ್ಲಿ ಒದ್ದು ಸರಿಸುತ್ತಾರೆ. ಕೊಡದ ಬಳಿ ಆಳು ಬೇಕು. ಹಾಗಾಗಿ ಆರೂ ಮನೆಯವರು ಕೂಡಿ ಒಂದು ಉಪಾಯ ಮಾಡಿಕೊಂಡಿದ್ದರು. ಆರು ಮನೆಯ ಇಪ್ಪತ್ತನಾಲ್ಕು ಕೊಡಕ್ಕೆ ಔರಾದದಾಕಿ ಒಬ್ಬಳೇ ನಿಲ್ಲುವುದು. ಆಕೆಯ ಪರಾತ ಇಳಿಸಿ, ಆಕೆಯ ಪಾಲಿನ ಹಿಟ್ಟನ್ನೂ ತಾವೇ ಅಳೆಸಿಕೊಂಡು, ಆ ನೂರು ರೊಟ್ಟಿಯನ್ನು ಐವರು ಹಂಚಿಕೊಂಡು ಬಡಿಯುವುದು.

"ನಮ್ಮ ಓಣ್ಯಾಗ ಇಪ್ಪತ್ನಾಕ ಕೊಡ ಕಾಯೋ ಬಾಯಿ ಆಕೀದೊಂದೇರಿ," ಅಂದಳು ಮುದುಕಿ. "ಟ್ಯಾಂಕರಿನ ಡ್ರೈವರ್ ಆಕೀನ್ನ ಕಂಡ್ರ ಮೊದಲು ಕೈ ಮುಗೀತಿದ್ದ, ಆಮ್ಯಾಲ ಪೈಪ್ ಬಿಡ್ತಿದ್ದ. ಆಕಿ ಅಲ್ಲಿ ನಿಂತಳು ಅಂತ ನಾವು ಐದು ಮಂದಿ ಇಲ್ಲಿ ಕೂಡ್ತಿದ್ದೇವು. ಈಗ ನಮ್ಮ ನಮ್ಮ ಕೊಡಕ್ಕ ನಾವೇ ನಿಲ್ಲಬೇಕಲ್ಲ. ಗಂಡಸರು ಅಲ್ಲಿ ನಿಂತ್ರ ಬಡದಾಟ ಆಗ್ತಾವರಿ."

ಇಷ್ಟು ದಿನ ನಾನು ಗೈರುಹಾಜರಿ ಅಂತ ಹಿಡಿದವಳಿಂದಲೇ ಉಳಿದ ಐವರ ಹಾಜರಿ ನಡೆದಿತ್ತು.

"ನನ್ನ ಮುಂದ ಒಂದು ಮಾತು ಹೇಳಬಾರದಿತ್ತೇನವ್ವ? ನಮ್ಮ ಬೋರಿನ್ಯಾಗ ನೀರು ಇತ್ತಲ್ಲ!"

ಮುದುಕಿ ನನ್ನನ್ನು ನೋಡಿದಳು. ಸಿಟ್ಟಿಲ್ಲ, ಮರುಕವೂ ಇಲ್ಲ.

"ಮೊದಲನೇ ದಿನಾನೇ ನೀವೇ ಹೇಳಿದ್ರಿ ಅಕ್ಕೋರೆ. 'ರೊಟ್ಟಿಗಿ ಬೇಕಾದಷ್ಟು ನೀರು ಬಳಸ್ರಿ, ಮನಿಗಿ ಮಾತ್ರ ಒಯ್ಯಬ್ಯಾಡ್ರಿ. ಒಬ್ಬಾಕಿಗಿ ಕೊಟ್ರ ಓಣಿ ತುಂಬ ಬರ್ತದ' ಅಂತ. ಕೊಡ ಕೇಳಿದ್ರ ಒಲೀನೂ ಹೋಗ್ತದ ಅಂತ ಅಂಜಿದೇವು."

ನಾನು ಹಾಗೆ ಹೇಳಿದ್ದೆ. ಮುದುಕಿ ನೆನಪಿಸುವವರೆಗೆ ಅದು ನನ್ನ ನೆನಪಿನಲ್ಲೇ ಇರಲಿಲ್ಲ. ಆರು ಜನ ದಿನವೂ ಅದನ್ನು ನೆನಪಿಟ್ಟುಕೊಂಡು, ನಾನು ನೀರು ಹೊಡೆದು ತಣ್ಣಗೆ ಮಾಡಿದ ಅಂಗಳ ದಾಟಿ ಒಳಗೆ ಬರುತ್ತಿದ್ದರು.

"ನಾಳಿಯಿಂದ ಎಲ್ಲರೂ ಕೊಡ ತಗೊಂಡು ಬರ್ರಿ. ಇಲ್ಲೇ ತುಂಬ್ಕೋರಿ," ಅಂದೆ.

"ಈಗ?" ಅಂದಳು ಮುದುಕಿ. ಅಷ್ಟೇ. ಎದ್ದು ಹೋದಳು.

ಮೊರದ ಮೇಲೆ ಒಂದು ಅರಿವೆ ಮುಚ್ಚಿಟ್ಟೆ. ಗಿರಣಿಗೆ ಮೊದಲೇ ಹಸನು ಮಾಡಿಟ್ಟಿದ್ದ ಜೋಳವನ್ನೇ ಕಳಿಸಿದೆ. ಸಂಜೆ ನಮ್ಮವರಿಗೆ, ನಾಳೆ ಔರಾದಿಗೆ ಹೋಗುತ್ತೇನೆ ಅಂದಾಗ ಅವರು ಪತ್ರಿಕೆಯಿಂದ ಮುಖ ಎತ್ತಲಿಲ್ಲ. "ಹೋಗು. ನೀನೇ ಕಳಿಸೀದಿ, ನೀನೇ ಕರಕೊಂಡು ಬಾ." ಅತ್ತೆ ಮಾತ್ರ ಬೋರಿನ ಮಾತು ಹಿಡಿದು ಕೂತರು. "ಇಪ್ಪತ್ತು ಕೊಡ ದಿನಾ ತೆಗೆದ್ರ ಯುಗಾದಿ ತನಕ ಬರ್ತದೇನು ಅದು? ನಾಳಿ ನಾವು ಕೊಡ ಹಿಡಕೊಂಡು ನಿಲ್ಲಬೇಕೇನು?" ಅವರ ಮಾತು ಸುಳ್ಳಲ್ಲ. ಬೋರು ಯುಗಾದಿಗೆ ಮೊದಲೇ ಬತ್ತಿತು. ನಾನು ಕೊಡ ಹಿಡಿದು ನಿಂತೆ.

ಮರುದಿನ ನಸುಕಿನಲ್ಲಿ ಅಂಗಳಕ್ಕೆ ನೀರು ಹೊಡೆಯಲಿಲ್ಲ. ಒಣ ಮಣ್ಣಿನ ಮೇಲೆ ಅತ್ತೆ ಗೊಣಗುತ್ತಾ ಎಳೆದ ರಂಗೋಲಿ ಗಾಳಿಗೆ ಸರಿಯಿತು. ಐವರೂ ಐದಕ್ಕೆ ಮೊದಲೇ ಬಂದರು. ಕೊಡಗಳನ್ನು ನಲ್ಲಿಯ ಬಳಿ ಸಾಲಾಗಿ ಇಟ್ಟರು, ಪರಾತ ಇಳಿಸಿಕೊಂಡರು, ಕೂತರು. ಮಾತಿಲ್ಲ. ನಾನು ಬಯಸಿದ್ದು ಇದೇ ಅಲ್ಲವೇ, ಪೂರ್ತಿ ಹಾಜರಿ, ಸಪ್ಪಳವಿಲ್ಲದ ಚಪ್ಪರ! ಆ ದಿನ ಪೂಜೆ ಹತ್ತು ನಿಮಿಷಕ್ಕೆ ಮುಗಿಸಿದೆ. ಆರನೆಯ ಮೊಳೆಯಿಂದ ಪರಾತ ಇಳಿಸಿ, ಅರಿವೆಯಲ್ಲಿ ಸುತ್ತಿ, ಹಿಂದಿನ ದಿನದ ಹತ್ತು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಪರಾತ ಕಂಡರೆ ಬಾಯಿಂದ ಹೇಳುವುದೇನೂ ಬೇಕಿಲ್ಲ, ಆಕೆಗೇ ತಿಳಿಯುತ್ತದೆ ಅಂದುಕೊಂಡಿದ್ದೆ.

ಕಮಲನಗರದ ಮೇಲೆ ಹೋಗುವ ಬಸ್ಸು ಅದು. ದಾರಿಯ ಎರಡೂ ಕಡೆ ಬಿತ್ತಿದ್ದು ಮೇಲೇಳದ ಹೊಲ. ಔರಾದಿನಲ್ಲಿ ಇಳಿದಾಗ ಒಂಬತ್ತೂವರೆ. ಊರ ಹೊರಗೆ ಬೇವಿನ ಗಿಡದ ಕೆಳಗೆ ಲಾರಿ ನಿಂತಿತ್ತು. ಹಾಸಿಗೆ ಸುರುಳಿ, ಕೊಡ, ತಗಡು, ಕೋಳಿಬುಟ್ಟಿ ಎಲ್ಲ ಮೇಲೆ ಏರುತ್ತಿತ್ತು. ಆಕೆ ಕೆಳಗೆ ನಿಂತು ಯಾರಿಗೋ ಬೈಯುತ್ತಿದ್ದಳು. ದೂರದಿಂದಲೇ ದನಿ ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು.

ನನ್ನನ್ನು ಕಂಡು ಬೈಗುಳ ಬಿಟ್ಟು ಇತ್ತ ತಿರುಗಿದಳು. ಆಮೇಲೆ, "ಶರಣ್ರಿ ಅಕ್ಕೋರೆ. ಇಲ್ಲೀತನಕ ಬಂದೀರಿ. ರೊಟ್ಟಿ ಯಾರು ಬಡೀಲಾಕತ್ತಾರ?" ಅಂದಳು.

"ಐದು ಮಂದಿ ಬಂದಾರ. ನೀ ಬಾರವ್ವ. ನನಗ ಎಲ್ಲಾ ಗೊತ್ತಾಗ್ಯದ. ಟ್ಯಾಂಕರಿಗಿ ನಿಲ್ಲೂದೂ ಬ್ಯಾಡ ಇನ್ನ, ನಮ್ಮ ನಲ್ಲೀನೇ ಬಿಟ್ಟೇನಿ."

"ಬಿಟ್ಟೀರಿ?" ಆಕೆ ನಕ್ಕಳು. "ಚಲೋ ಆತು. ನಿಮ್ಮ ಅಂಗಳಕ್ಕ ಹೊಡಿಯೋ ನೀರು ಎಷ್ಟು ಕೊಡ ಆಗ್ತದ ಅಂತ ನಾವು ದಿನಾ ಲೆಕ್ಕಾ ಹಾಕ್ತಿದ್ದೇವು. ಮುದುಕಿ ಮೂರು ಅಂತಿದ್ದಳು, ನಾ ನಾಕು ಅಂತಿದ್ದೆ."

"ತಪ್ಪಾಯ್ತು," ಅಂದೆ. "ಈಗ ಬಾ."

"ಈಗ ಹ್ಯಾಂಗ ಬರ್ಲಿರಿ? ಈಗ ನಾ ಒಬ್ಬಾಕಿ ಅಲ್ಲ. ಅರ್ಧ ಕೊಯ್ತಾ." ಲಾರಿಯ ಮೇಲೆ ಹಗ್ಗ ಕಟ್ಟುತ್ತಿದ್ದ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. "ನಾ ಇಳದ್ರ ಆತನ್ನೂ ಇಳಸ್ತಾರ. ಮುಕ್ಕಾದಮ್ ಹನ್ನೆರಡು ಕೊಯ್ತಾ ಅಂತ ಕಾರ್ಖಾನಿಗಿ ಮಾತು ಕೊಟ್ಟಾನ. ಒಂದು ಕಮ್ಮಿಯಾದ್ರ ಆ ಕೆಲಸ ಉಳದವರ ತಲಿ ಮ್ಯಾಲ. ನಮ್ಮ ಐದು ಮಂದಿ ನನ್ನ ರೊಟ್ಟಿ ನಕ್ಕೋತ ಬಡದ್ರು. ಇವರು ನನ್ನ ಹೊರಿ ಹೊರಂಗಿಲ್ರಿ."

"ಮುಕ್ಕಾದಮ್ಮಗ ನಾ ಹೇಳ್ತೇನಿ."

"ಏನಂತ ಹೇಳ್ತೀರಿ? ಶಿವ ನೋಡ್ಕೋತಾನ ಅಂತ?"

ಆಕೆ ಅದನ್ನು ಚುಚ್ಚಲಿಕ್ಕೆ ಅಂದಳೋ, ಹಳೆಯ ಹಾಸ್ಯದ ರೂಢಿಗೆ ಅಂದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಆದರೂ ನಾನು ಮುಕ್ಕಾದಮ್ಮನ ಬಳಿ ಹೋದೆ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಆತ ಹೇಳಿದ್ದು ಇಷ್ಟೇ: "ಬಾಯಿಸಾಹೇಬ್, ಹೋದ ತಿಂಗಳು ಹೇಳಿದ್ರ ಬ್ಯಾರೆ ಜೋಡಿ ನೋಡ್ತಿದ್ದೆ. ಗಾಡಿ ಹೊಂಡೂ ಮುಂದ ಕೊಯ್ತಾ ಮುರಿಲಾಕ ಬರಂಗಿಲ್ಲ." ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಆತನಿಗೂ ಹಾಜರಿಯ ಚಿಂತೆ.

ತಿರುಗಿ ಬಂದು ಬುತ್ತಿ ಕೊಟ್ಟೆ. ಆಮೇಲೆ ಕೈಯಲ್ಲಿ ಉಳಿದ ಪರಾತವನ್ನು ಏನು ಮಾಡಬೇಕೋ ತಿಳಿಯದೆ ನಿಂತೆ. ಆಕೆಯೇ ಅರಿವೆ ಬಿಚ್ಚಿದಳು. ತಳಕ್ಕೆ ಬೆರಳಿನಿಂದ ಬಾರಿಸಿದಳು, ಮೊದಲ ದಿನ ಮಾಡಿದ ಹಾಗೆ.

"ಇದು ಒಯ್ತೇನಿ ಅಕ್ಕೋರೆ. ಅಲ್ಲಿ ಗುಡಿಸಲಾಗ ರೊಟ್ಟಿ ಬಡಿಲಾಕ ಒಂದು ಪರಾತ ಬೇಕಾಗಿತ್ತು."

ಕರೆತರಲೆಂದು ನಾನು ಒಯ್ದ ಪರಾತ ಆಕೆಯ ಸಾಮಾನಿನ ಜೊತೆ ಲಾರಿಗೆ ಏರಿತು. ಆಕೆ ಚಕ್ರದ ಮೇಲೆ ಕಾಲಿಟ್ಟು, ಮಡಚದ ಹೆಬ್ಬೆರಳ ಕೈಯನ್ನು ಎತ್ತಿ ಯಾರಿಗೋ ಹಿಡಿಯಲು ಕೊಟ್ಟು, ಮೇಲೆ ಹತ್ತಿದಳು. ಗಾಡಿ ಹೊರಟಾಗ ಆಕೆಯ ದನಿ ಕೇಳಿಸುತ್ತದೇನೋ ಅಂತ ಕಿವಿಗೊಟ್ಟೆ. ಎಂಜಿನ್ನಿನ ಸಪ್ಪಳದಲ್ಲಿ ಏನೂ ಕೇಳಲಿಲ್ಲ.

ಆಮೇಲೆ ಆಕೆ ಬಂದಳೋ ಇಲ್ಲವೋ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಗೆ ಟೋಳಿ ತಿರುಗಿ ಬಂತು. ಆಕೆ ಔರಾದಿಗೆ ಬಂದಳಂತೆ, ಜೀವಸಹಿತ ಬಂದಳಂತೆ. ಅದನ್ನು ಕೇಳಿದ ದಿನ ಒಂದು ಬೆರಳು ಮಡಚಿದೆ. ಭಾಲ್ಕಿಗೆ ಮಾತ್ರ ಮತ್ತೆ ಬರಲಿಲ್ಲ. ನಾನೂ ಆಕೆಯನ್ನು ಮತ್ತೆ ನೋಡಿಲ್ಲ.

ಆ ದಿನ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಐದು ನೂರು ರೊಟ್ಟಿ ಹೋಗಿತ್ತು. ನೂರು ಕಡಿಮೆ ಇದ್ದರೂ ಬೀದರಿನವರು, ಇಷ್ಟಾದರೂ ದಿನಾ ಬಂದರೆ ಸಾಕು ಅಂದರಂತೆ. ಚಪ್ಪರ ಗುಡಿಸಿತ್ತು. ಗೋಡೆಯ ಮೇಲೆ ಐದು ಪರಾತ, ಒಂದು ಬರಿಯ ಮೊಳೆ. ಅತ್ತೆ ಒಂದು ಬಟ್ಟಲು ಚಹಾ ತಂದಿಟ್ಟರು. ಕುಡಿದೆ. ಕೈಕಾಲು ತೊಳೆಯಲು ತಂಬಿಗೆ ಎತ್ತಿದವಳು, ಅರ್ಧ ನೀರು ಮತ್ತೆ ಕೊಡಕ್ಕೇ ಸುರಿದು, ಉಳಿದದ್ದರಲ್ಲಿ ತೊಳೆದುಕೊಂಡೆ. ಪಡಸಾಲೆಯಲ್ಲಿ ಮೊರ ಹಿಂದಿನ ದಿನ ಇಟ್ಟಲ್ಲೇ ಇತ್ತು. ಗಿರಣಿ ಆರಕ್ಕೆ ಮುಚ್ಚುತ್ತದೆ. ಅರಿವೆ ಸರಿಸಿ, ಬೆಳಕಿಗೆ ತಿರುಗಿ ಕೂತು, ಹರಳು ಆರಿಸತೊಡಗಿದೆ.